ಹಳೆಯ ರಿಸೀವರ್ ಇಳಿಸಿ ಹೊಸ ಆಂಪ್ಲಿಫೈಯರ್ ಕೂರಿಸುವ ಕ್ರಮ

ದಾವಣಗೆರೆಯ ಹಳೆಯ ಬಡಾವಣೆಗಳ ನಡುಮನೆಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಸ್ಟೀರಿಯೊ ರಿಸೀವರ್ ಉಳಿದುಕೊಂಡಿದೆ. ಮರದ ಕವಚ, ಬೆಳ್ಳಿಬಣ್ಣದ ಮುಖ, ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಡಯಲ್ಲು, ಅಂಗೈ ತುಂಬುವ ಟ್ಯೂನಿಂಗ್ ಗುಂಡಿ. ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ನೆಂಟರೊಬ್ಬರು ತಂದುಕೊಟ್ಟರೆಂಬ ಕಥೆಯೂ ಅದರ ಜೊತೆಗಿರುತ್ತದೆ. ಈಗ ಅದರ ಎಡಗಡೆಯ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ, ನೆತ್ತಿಯ ಮೇಲೊಂದು ಪೆಟ್ಟು ಕೊಟ್ಟರೆ ಮರಳಿ ಬರುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ. ಬೇಸತ್ತ ಮನೆಯವರು ಹೊಸ ಆಂಪ್ಲಿಫೈಯರ್ ತರಿಸಿ, ಹಳೆಯದರ ಬೆನ್ನಿಗಿದ್ದ ವಯರುಗಳನ್ನೆಲ್ಲ ಕಿತ್ತು ಹೊಸದಕ್ಕೆ ಸಿಕ್ಕಿಸುತ್ತಾರೆ. ಹಾಗೆ ಸಿಕ್ಕಿಸಿ ಕೈಸುಟ್ಟುಕೊಂಡ ಮೂರು ಮನೆಗಳಿಗೆ ಕಳೆದ ಒಂದು ವರ್ಷದಲ್ಲಿ ನಾನು ಹೋಗಿಬಂದಿದ್ದೇನೆ. ಮೂರೂ ಕಡೆ ಕೊಂಡ ಯಂತ್ರ ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ಜೋಡಣೆ.

ರಿಸೀವರ್ ಒಂದೇ ಪೆಟ್ಟಿಗೆಯೊಳಗೆ ನಾಲ್ಕು ಕೆಲಸ ಮಾಡುತ್ತದೆ. ರೇಡಿಯೊ ಹಿಡಿಯುತ್ತದೆ, ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ಅತಿ ಸಣ್ಣ ಸಂಕೇತವನ್ನು ಎತ್ತಿ ತಿದ್ದುತ್ತದೆ, ಯಾವ ಮೂಲದ ಹಾಡು, ಎಷ್ಟು ಜೋರು ಎಂಬುದನ್ನು ನಿಯಂತ್ರಿಸುತ್ತದೆ, ಕೊನೆಗೆ ಸ್ಪೀಕರನ್ನು ಓಡಿಸುತ್ತದೆ. ಅಂಗಡಿಯಲ್ಲಿ ಆಂಪ್ಲಿಫೈಯರ್ ಎಂದು ಕೊಡುವ ಪೆಟ್ಟಿಗೆ ಇವುಗಳಲ್ಲಿ ಕೊನೆಯ ಎರಡನ್ನು ಮಾತ್ರ ಖಂಡಿತವಾಗಿ ಮಾಡುತ್ತದೆ. ಮೊದಲ ಎರಡರಲ್ಲಿ ನಿಮಗೆ ಯಾವುದು ಬೇಕೆಂಬುದನ್ನು ದುಡ್ಡು ಕೊಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ದೋಷ ಎಲ್ಲಿದೆ?

ಮೊದಲು ರಿಸೀವರೇ ಕೆಟ್ಟಿದೆಯೆಂದು ಖಚಿತಪಡಿಸಿಕೊಳ್ಳಿ. ಪ್ಲಗ್ ತೆಗೆದು, ಎಡ ಸ್ಪೀಕರಿನ ವಯರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ಮತ್ತೆ ನುಡಿಸಿ ನೋಡಿ. ಸದ್ದಿಲ್ಲದ ಸ್ಪೀಕರ್ ಆಗಲೂ ಅದೇ ಆಗಿದ್ದರೆ ತಪ್ಪು ಸ್ಪೀಕರಿನದು ಅಥವಾ ಅದರ ವಯರಿನದು; ಮೌನ ಇನ್ನೊಂದು ಸ್ಪೀಕರಿಗೆ ದಾಟಿದರೆ ರಿಸೀವರಿನದು. ಸ್ಪೀಕರಿನ ಮುಂದಿನ ಬಟ್ಟೆ ತೆಗೆದು ಒಳಗೆ ಅದುರುವ ಕೋನಿನ (ಕಾಗದದ ಬಟ್ಟಲಿನಂಥ ಭಾಗದ) ಅಂಚನ್ನೂ ನೋಡಿ. ಅಲ್ಲಿ ಫೋಮ್ ಪಟ್ಟಿಯಿದ್ದು ಅದು ಬೆರಳು ತಾಗಿಸಿದರೆ ಪುಡಿಯಾಗುವಂತಿದ್ದರೆ, ಎಂಥ ಆಂಪ್ಲಿಫೈಯರ್ ತಂದರೂ ಹಾಡು ಒಡೆದೇ ಕೇಳುತ್ತದೆ.

ಕರಕರ ಸದ್ದೊಂದೇ ನಿಮ್ಮ ದೂರು ಆಗಿದ್ದರೆ ಬದಲಾಯಿಸುವ ಅಗತ್ಯವೇ ಇಲ್ಲದಿರಬಹುದು. ಮಂಡಕ್ಕಿ ಭಟ್ಟಿಯ ಹೊಗೆಯೂ ಬೇಸಿಗೆಯ ಧೂಳೂ ಸೇರುವ ನಮ್ಮ ಊರಿನಲ್ಲಿ ವಾಲ್ಯೂಮ್ ಗುಂಡಿಯೊಳಗೆ ಮಸಿ ಕೂರುವುದು ಸಹಜ. ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಸಾಕು. ಗೇಟಿನ ಕೀಲಿಗೆ ಹೊಡೆಯುವ ತುಕ್ಕಿನ ಸ್ಪ್ರೇಯನ್ನು ಮಾತ್ರ ಒಳಗೆ ಬಿಡಬೇಡಿ. ಅದು ಬಿಟ್ಟುಹೋಗುವ ಎಣ್ಣೆಗೆ ಮತ್ತಷ್ಟು ಧೂಳು ಅಂಟುತ್ತದೆ. ನಲವತ್ತು ವರ್ಷದ ಕೆಪಾಸಿಟರುಗಳು ಒಣಗಿದ್ದರೆ, ಸ್ಪೀಕರ್ ರಿಲೇಯ (ಸ್ಪೀಕರನ್ನು ತಾನಾಗಿ ಜೋಡಿಸುವ ಸ್ವಿಚ್ಚಿನ) ತುದಿಗಳು ಕಪ್ಪಾಗಿದ್ದರೆ ಬಲ್ಲವರ ಕೈಯಲ್ಲಿ ದುರಸ್ತಿ ಮಾಡಿಸಬಹುದು. ಆದರೆ ಎಸ್‌ಟಿಕೆ ಹೆಸರಿನಿಂದ ಶುರುವಾಗುವ ದಪ್ಪ ಐಸಿ ಸುಟ್ಟಿದ್ದರೆ ಕೈಬಿಡುವುದೇ ಲೇಸು. ಮಾರುಕಟ್ಟೆಯಲ್ಲಿ ಅದರ ನಕಲಿಗಳೇ ತುಂಬಿವೆ. ನಕಲಿ ಐಸಿ ಸಾಯುವಾಗ ಸ್ಪೀಕರನ್ನೂ ಜೊತೆಗೆ ಕರೆದೊಯ್ಯಬಲ್ಲದು.

ಯಾವುದನ್ನು ಕೊಳ್ಳುವುದು?

ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ಅಂಗೈಯಗಲದ ಡಿ ವರ್ಗದ (ಕರೆಂಟನ್ನು ಅತಿವೇಗವಾಗಿ ಆನ್-ಆಫ್ ಮಾಡಿ ಕೆಲಸ ಮಾಡುವ ಬಗೆಯ) ಆಂಪ್ಲಿಫೈಯರ್ ಮೇಲೆ 300 ವ್ಯಾಟ್ ಎಂದು ಮುದ್ರಿಸಿರುತ್ತಾರೆ. ಅದರ ಜೊತೆ ಬಂದ ಅಡಾಪ್ಟರನ್ನು ತಿರುಗಿಸಿದರೆ 24 ವೋಲ್ಟ್, 3 ಆಂಪಿಯರ್ ಎಂದಿರುತ್ತದೆ. ಎರಡನ್ನೂ ಗುಣಿಸಿ, 72 ವ್ಯಾಟ್. ಗೋಡೆಯಿಂದ ಬರುವುದೇ ಅಷ್ಟಾದಾಗ ಎರಡೂ ಸ್ಪೀಕರುಗಳಿಗೆ ಸೇರಿ ಅದಕ್ಕಿಂತ ಹೆಚ್ಚು ನಿರಂತರವಾಗಿ ಹೋಗಲಾರದು. ಹಾಗೆಂದು ಅದು ಸಾಲದೆಂದೂ ಅಲ್ಲ. ಮರಾಂಟ್ಜ್ 2230 ಎಂಬ ಹೆಸರಾಂತ ಹಳೆಯ ರಿಸೀವರಿನ ಶಕ್ತಿ ಒಂದೊಂದು ಕಡೆಗೆ 30 ವ್ಯಾಟ್ ಮಾತ್ರ. ನಡುಮನೆಗೆ ಅದೇ ಧಾರಾಳ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸದ್ದು ಏರುವುದು 3 ಡೆಸಿಬೆಲ್, ಕಿವಿಗೆ ಅದು ಸ್ವಲ್ಪ ಜೋರು ಅನ್ನಿಸುವಷ್ಟೇ.

ಸಂಖ್ಯೆಗಿಂತ ಹಿಂಬದಿಯ ಕಿಂಡಿಗಳನ್ನು ನೋಡಿ ಕೊಳ್ಳಬೇಕು. ಉದಾಹರಣೆಗೆ ಯಮಾಹಾದ ಎ-ಎಸ್201ರಲ್ಲಿ ಫೋನೋ ಕಿಂಡಿಯಿದೆ (ಗ್ರಾಮಫೋನ್ ತಟ್ಟೆಗೆಂದೇ ಇರುವುದು), ರೇಡಿಯೊ ಇಲ್ಲ. ಅದೇ ಕಂಪನಿಯ ಆರ್-ಎಸ್202ರಲ್ಲಿ ರೇಡಿಯೊ, ಬ್ಲೂಟೂತ್ ಎರಡೂ ಇವೆ, ಫೋನೋ ಇಲ್ಲ. ನನ್ನನ್ನು ಕೇಳಿದರೆ, ಸ್ಪೀಕರ್ ವಯರು ಗೋಡೆಯೊಳಗೆ ಹುದುಗಿರುವ ಹಳೆಯ ಮನೆಗೆ ಎಬಿ ವರ್ಗದ, ಅಂದರೆ ಆನ್-ಆಫ್ ಮಾಡದೆ ಹಳೆಯ ರೀತಿಯಲ್ಲೇ ಕೆಲಸ ಮಾಡುವ, ಪೂರ್ಣಗಾತ್ರದ ಆಂಪ್ಲಿಫೈಯರೇ ಸರಿ. ಕಾರಣ ಮುಂದಿದೆ.

ಸ್ಪೀಕರ್ ವಯರು: ಎಡವುವ ಜಾಗ

ವಿದ್ಯಾನಗರದ ಒಂದು ಮನೆಗೆ ಹೋದಾಗ ಮನೆಯ ಯಜಮಾನರು ಪುಟ್ಟ ಆಂಪ್ಲಿಫೈಯರನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲು ತೆರೆದರು. "ಎರಡೇ ನಿಮಿಷ ಹಾಡ್ತು ಸರ್, ಆಮೇಲೆ ಸುಟ್ಟ ವಾಸನಿ ಬಂತು. ಹೊಸದಾ ಹಿಂಗಾದ್ರ ಹೆಂಗ್ರೀ?" ಎಂದರು. ಗೋಡೆಯ ಕ್ಯಾಲೆಂಡರ್ ಎತ್ತಿ ನೋಡಿದೆ. ಪೈಪಿನ ಬಾಯಿಂದ ಕೆಂಪು, ಹಳದಿ, ಕಪ್ಪು ಹೀಗೆ ಮೂರೇ ಎಳೆಗಳು ಹೊರಬಂದಿದ್ದವು. ಕೆಂಪು ಎಡ ಸ್ಪೀಕರಿನ ಪ್ಲಸ್ಸಿಗೆ, ಹಳದಿ ಬಲದ ಪ್ಲಸ್ಸಿಗೆ. ಕಪ್ಪು ಎಳೆಯ ತುದಿಯನ್ನು ಸೀಳಿ, ಟೇಪು ಸುತ್ತಿ, ಎರಡು ಸ್ಪೀಕರುಗಳ ಮೈನಸ್ಸಿಗೂ ಅದನ್ನೇ ಕೊಡಲಾಗಿತ್ತು. ಮನೆ ಕಟ್ಟಿಸುವಾಗ ವಯರು ಎಳೆದವರು ಒಂದು ಎಳೆ ಉಳಿಸಿದ್ದರು, ಅಷ್ಟೆ.

ಹಳೆಯ ರಿಸೀವರುಗಳಲ್ಲಿ ಸಾಮಾನ್ಯವಾಗಿ ಎಡ-ಬಲ ಎರಡರ ಮೈನಸ್ಸೂ ಒಳಗೆ ಒಂದೇ ಕಡೆ, ಷಾಸಿಗೆ (ಲೋಹದ ಚೌಕಟ್ಟಿಗೆ) ಸೇರಿರುವುದರಿಂದ ಈ ಉಳಿತಾಯ ನಡೆಯುತ್ತಿತ್ತು. ಎಬಿ ವರ್ಗದ ಹೆಚ್ಚಿನ ಹೊಸ ಆಂಪ್ಲಿಫೈಯರುಗಳಲ್ಲೂ ಹಾಗೆಯೇ ಇದೆ. ಆದರೆ ಟಿಪಿಎ3116ರಂಥ ಚಿಪ್ಪಿನ ಡಿ ವರ್ಗದ ಆಂಪ್ಲಿಫೈಯರುಗಳಲ್ಲಿ ಪ್ರತಿ ಸ್ಪೀಕರಿನ ಎರಡೂ ತುದಿಗಳನ್ನು ಒಂದೊಂದು ಪ್ರತ್ಯೇಕ ಮಂಡಲ (ಸರ್ಕ್ಯೂಟ್) ಎದುರುಬದುರಾಗಿ ತಳ್ಳುತ್ತದೆ. ಅಲ್ಲಿ ಮೈನಸ್ ಎಂದು ಬರೆದಿರುವ ತುದಿ ನೆಲಕ್ಕೆ (ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ತುದಿಗೆ) ಸೇರಿದ್ದಲ್ಲ. 24 ವೋಲ್ಟ್ ಅಡಾಪ್ಟರ್ ಹಾಕಿದರೆ ಹಾಡಿಲ್ಲದಾಗಲೂ ಎರಡೂ ತುದಿಗಳು ನೆಲಕ್ಕಿಂತ ಸುಮಾರು 12 ವೋಲ್ಟ್ ಮೇಲಿರುತ್ತವೆ. ಎಡ-ಬಲದ ಮೈನಸ್ಸುಗಳನ್ನು ಒಂದೇ ಎಳೆಗೆ ಕಟ್ಟಿದರೆ, ಹಾಡು ಶುರುವಾದ ಕೂಡಲೇ ಎರಡು ಮಂಡಲಗಳು ಒಂದರ ವಿರುದ್ಧ ಇನ್ನೊಂದು ಕರೆಂಟು ಹರಿಸತೊಡಗುತ್ತವೆ. ಆ ತುದಿಯನ್ನು ನೆಲಕ್ಕೆ ತಾಗಿಸಿದರಂತೂ ಅದು ನೇರ ಶಾರ್ಟ್.

ಆದ್ದರಿಂದ ಹೊಸದನ್ನು ಡಬ್ಬಿಯಿಂದ ತೆಗೆಯುವ ಮೊದಲೇ ಈ ಪರೀಕ್ಷೆ ಮಾಡಿ. ಹಳೆಯ ರಿಸೀವರಿನಿಂದ ಸ್ಪೀಕರಿನ ಎಲ್ಲ ಎಳೆಗಳನ್ನೂ ಬಿಚ್ಚಿ, ಒಂದಕ್ಕೊಂದು ತಾಗದಂತೆ ಹರಡಿಡಿ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಎಡದ ಪ್ಲಸ್ಸು-ಮೈನಸ್ಸಿನ ನಡುವೆ ಅಳೆಯಿರಿ. 8 ಓಮ್ ಸ್ಪೀಕರ್ ಆದರೆ ಸುಮಾರು 5.5ರಿಂದ 7, 4 ಓಮಿನದಾದರೆ ಸುಮಾರು 3ರಿಂದ 3.5 ತೋರಬೇಕು. 1ಕ್ಕಿಂತ ಕಡಿಮೆಯಿದ್ದರೆ ಎಲ್ಲೋ ಎಳೆಗಳು ತಾಗಿವೆ. ಬಲಕ್ಕೂ ಇದನ್ನೇ ಮಾಡಿ. ಬಳಿಕ ಎಡದ ಮೈನಸ್ಸಿಗೊಂದು, ಬಲದ ಮೈನಸ್ಸಿಗೊಂದು ಮೀಟರಿನ ಕಡ್ಡಿ ಹಿಡಿಯಿರಿ. ಮೀಟರು ಏನನ್ನೂ ತೋರದಿದ್ದರೆ ನಿಮ್ಮ ಮನೆ ಬಚಾವು. ಸೊನ್ನೆಯ ಹತ್ತಿರ ತೋರಿದರೆ ಎರಡೂ ಸೇರಿವೆ, ಡಿ ವರ್ಗದ ಆಂಪ್ಲಿಫೈಯರನ್ನು ಅಲ್ಲಿಗೆ ತರಲೇಬಾರದು. ಗೋಡೆಯ ಮೇಲೆ ಎರಡು ಜೋಡಿ ಸ್ಪೀಕರುಗಳನ್ನು (ಎ ಮತ್ತು ಬಿ) ಬದಲಾಯಿಸುವ ಹಳೆಯ ಸ್ವಿಚ್ ಪೆಟ್ಟಿಗೆಯಿದ್ದರೆ ಅದನ್ನೂ ಶಂಕಿಸಿ. ಹಲವು ಪೆಟ್ಟಿಗೆಗಳೊಳಗೆ ಮೈನಸ್ಸು ಒಂದೇ. ಎರಡು ಜೋಡಿ 8 ಓಮ್ ಸ್ಪೀಕರುಗಳನ್ನು ಒಟ್ಟಿಗೆ ಹಚ್ಚಿದರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್ ಎಂಬುದೂ ನೆನಪಿರಲಿ.

ಡಿ ವರ್ಗದ್ದೇ ಬೇಕೆಂದರೆ ಮೂರೆಳೆಯ ವಯರಿಗೆ ಪರಿಹಾರ ನಾಲ್ಕೆಳೆ, ಬೇರೆ ಉಪಾಯವಿಲ್ಲ. ಹಳೆಯ ವಯರಿನ ತುದಿಗೆ ಹೊಸದನ್ನು ಗಟ್ಟಿಯಾಗಿ ಕಟ್ಟಿ, ಇನ್ನೊಂದು ಬದಿಯಿಂದ ಎಳೆದರೆ ಪೈಪಿನೊಳಗೆ ಅದೇ ದಾರಿ ಹಿಡಿದು ಬರುತ್ತದೆ. ಸಿಮೆಂಟು ಇಳಿದು ಸಿಕ್ಕಿಕೊಂಡಿದ್ದರೆ ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಹೊಡೆಸಿ. ಹತ್ತಿರದ ಪೈಪನ್ನೋ ಮನೆಯ ಅರ್ಥಿಂಗನ್ನೋ ನಾಲ್ಕನೆಯ ಎಳೆಯಾಗಿ ಬಳಸುವ ಜಾಣತನವನ್ನೂ ನೋಡಿದ್ದೇನೆ, ಅದನ್ನು ಕಲಿಯಬೇಡಿ. ವಯರು 1.5 ಚದರ ಮಿಲಿಮೀಟರಿನ ತಾಮ್ರದ್ದಾದರೆ ಹತ್ತು-ಹದಿನೈದು ಮೀಟರಿಗೆ ಸಾಕು, ಮನೆ ವಯರಿಂಗಿನದೇ ನಡೆಯುತ್ತದೆ. ಪಾರದರ್ಶಕ ಹೊದಿಕೆಯ ದುಬಾರಿ "ಆಡಿಯೊ" ವಯರಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ತುದಿಯಲ್ಲಿ ಹತ್ತು ಮಿಲಿಮೀಟರ್ ಹೊದಿಕೆ ಸುಲಿದು, ಕೂದಲೆಳೆಗಳನ್ನೆಲ್ಲ ಬಿಗಿಯಾಗಿ ಹೊಸೆದು ಒಳಗೆ ತೂರಿಸಿ. ಒಂದು ಎಳೆ ಹೊರಗುಳಿದು ಪಕ್ಕದ ತುದಿಗೆ ತಾಗಿದರೂ ಶಾರ್ಟ್ ಆಗುತ್ತದೆ. ತುದಿಗೆ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವ ರೂಢಿ ಬೇಡ, ಸೀಸ ಒತ್ತಡಕ್ಕೆ ಮೆಲ್ಲನೆ ಹರಿದು ಜೋಡಣೆ ಸಡಿಲಾಗುತ್ತದೆ. ಯಾವ ಎಳೆ ಪ್ಲಸ್ಸೆಂದು ತಿಳಿಯದಿದ್ದರೆ 1.5 ವೋಲ್ಟ್ ಬ್ಯಾಟರಿಯನ್ನು ಎಳೆಗಳಿಗೆ ಕ್ಷಣಮಾತ್ರ ತಾಗಿಸಿ; ಕೋನು ಮುಂದಕ್ಕೆ ಬಂದರೆ ಬ್ಯಾಟರಿಯ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಂದು ಕಡೆ ಉಲ್ಟಾ ಆದರೆ ಏನೂ ಸುಡುವುದಿಲ್ಲ, ಆದರೆ ತಬಲದ ಬಾಯಾ ಕಾಣೆಯಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಕೋಣೆಯೆಲ್ಲ ಅಲೆಯುತ್ತದೆ.

ತಟ್ಟೆಯ ಜೋಡಣೆ

ಇಲ್ಲಿ ಮುಳ್ಳಿನ ಹಿಂದಿರುವ ಕಾರ್ಟ್ರಿಜ್ ಯಾವ ಜಾತಿಯದೆಂದು ತಿಳಿಯಬೇಕು. ಮ್ಯಾಗ್ನೆಟಿಕ್ ಆದರೆ ಅದರಿಂದ ಬರುವುದು ಸುಮಾರು 5 ಮಿಲಿವೋಲ್ಟ್. ಜೊತೆಗೆ ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ, ಅದನ್ನು ಮರಳಿ ತಿದ್ದಬೇಕು. ಇದಕ್ಕೆ ಫೋನೋ ಕಿಂಡಿ ಬೇಕು, ಇಲ್ಲವೇ ನಡುವೆ ಫೋನೋ ಪ್ರೀಆಂಪ್ ಇಡಬೇಕು. ಆಕ್ಸ್ ಕಿಂಡಿಗೆ (ಟಿವಿ, ಫೋನಿನಂಥವಕ್ಕಿರುವ ಸಾದಾ ಕಿಂಡಿಗೆ) ಹಾಕಿದರೆ ಸೊಳ್ಳೆ ಹಾಡಿದಂತಾಗುತ್ತದೆ. ಆದರೆ ನಮ್ಮಲ್ಲಿ ಬಳಕೆಯಲ್ಲಿದ್ದ ಅನೇಕ ಪೆಟ್ಟಿಗೆ ಪ್ಲೇಯರುಗಳದು ಸಿರಾಮಿಕ್ ಕಾರ್ಟ್ರಿಜ್. ಒಂದು ಪಕ್ಕ 78 ಸುತ್ತಿನ ತಟ್ಟೆಗೆ, ಇನ್ನೊಂದು ಪಕ್ಕ 33ಕ್ಕೆ ಎಂದು ಮುಳ್ಳನ್ನು ಮಗುಚುವ ಪುಟ್ಟ ಕಡ್ಡಿಯಿದ್ದರೆ ಹೆಚ್ಚಾಗಿ ಅದೇ. ಅದರ ಸಂಕೇತ ನೂರಾರು ಮಿಲಿವೋಲ್ಟ್, ಫೋನೋಗೆ ಹಾಕಿದರೆ ಕಿವಿ ಮುಚ್ಚಿಕೊಳ್ಳುವಷ್ಟು ಒಡೆಯುತ್ತದೆ. ಆಕ್ಸಿಗೆ ಹಾಕಿದರೆ ಹಾಡುತ್ತದೆ, ಮಂದ್ರ ಮಾತ್ರ ತೆಳುವಾಗುತ್ತದೆ, ಏಕೆಂದರೆ ಅದು ಬಯಸುವುದು ಸುಮಾರು 1 ಮೆಗಾಓಮ್ ಪ್ರತಿರೋಧದ ಕಿಂಡಿಯನ್ನು. ನಡುವೆ ಅಂಥ ಪ್ರತಿರೋಧ ಒದಗಿಸುವ ಸಣ್ಣ ಬಫರ್ ಬೋರ್ಡ್ ಇಟ್ಟರೆ ಮಂದ್ರ ಮರಳುತ್ತದೆ.

ಟರ್ನ್‌ಟೇಬಲಿನಿಂದ ಒಂಟಿಯಾಗಿ ಬರುವ ತೆಳು ಎಳೆಯನ್ನು ಆಂಪ್ಲಿಫೈಯರಿನ ಜಿಎನ್‌ಡಿ ಸ್ಕ್ರೂಗೆ ಬಿಗಿಯದಿದ್ದರೆ ಗುಂಯ್ ಸದ್ದು ಬಿಡುವುದಿಲ್ಲ. ಐದು ಪಿನ್ನಿನ ದುಂಡು ಡಿನ್ ಪ್ಲಗ್ಗಾದರೆ ಬೇರೆ ಪಿನ್ನು ತಾಕದೆ 3 ಎಡ, 5 ಬಲ, 2 ನೆಲ ಎಂದು ಆರ್‌ಸಿಎಗೆ (ಕೆಂಪು-ಬಿಳಿ ಪ್ಲಗ್ಗುಗಳಿಗೆ) ಬೆಸುಗೆ ಹಾಕಿಸಿ.

ರೇಡಿಯೊ ಬೇಕೆನ್ನುವವರಿಗೆ

ಚಿತ್ರದುರ್ಗ ಆಕಾಶವಾಣಿಯ 102.6 ಮೆಗಾಹರ್ಟ್ಸ್ ಎಫ್‌ಎಂ ಸಾಕೆನ್ನುವವರಿಗೆ ಆಯ್ಕೆಗಳಿವೆ. ಭದ್ರಾವತಿಯ 675 ಕಿಲೋಹರ್ಟ್ಸ್ ಮಧ್ಯಮ ತರಂಗವೂ ಬೇಕೆಂದರೆ ಎಎಂ ಇರುವುದನ್ನೇ ಹುಡುಕಬೇಕು. ಇದಕ್ಕೊಂದು ಅಡ್ಡದಾರಿಯನ್ನು ನಾನೇ ಬಳಸುತ್ತೇನೆ. ಹಳೆಯ ರಿಸೀವರಿನ ಸ್ಪೀಕರ್ ಭಾಗ ಮಾತ್ರ ಸತ್ತಿದ್ದು ಡಯಲ್ಲು ಇನ್ನೂ ಜೀವಂತವಾಗಿದ್ದರೆ, ಅದರ ಟೇಪ್ ಔಟ್ (ಟೇಪ್ ರೆಕಾರ್ಡರಿಗೆ ಹಾಡು ಕಳಿಸುವ) ಕಿಂಡಿಯಿಂದ ಹೊಸದರ ಆಕ್ಸಿಗೆ ವಯರು ಎಳೆಯಿರಿ. ಆ ಕಿಂಡಿಯ ಸಂಕೇತ ಸಾಮಾನ್ಯವಾಗಿ ವಾಲ್ಯೂಮ್ ಗುಂಡಿಗಿಂತ ಮೊದಲೇ ಕವಲೊಡೆಯುವುದರಿಂದ ಅದರ ಕರಕರ ಕೇಳಿಸುವುದಿಲ್ಲ, ಮ್ಯಾಗ್ನೆಟಿಕ್ ಮುಳ್ಳಿನ ಫೋನೋ ಕೆಲಸವನ್ನೂ ಅದೇ ಮಾಡಿಕೊಡುತ್ತದೆ. ಫ್ಯೂಸು ಪದೇ ಪದೇ ಹೋಗುವ, ಬಿಸಿಯಾಗಿ ವಾಸನೆ ಬರುವ ರಿಸೀವರಿಗೆ ಈ ಉಪಾಯ ಸಲ್ಲ.

ಟಿವಿಯನ್ನು ಆಪ್ಟಿಕಲ್ ಕಿಂಡಿಯಿಂದ ಜೋಡಿಸುವವರು ಟಿವಿಯ ಧ್ವನಿ ಸೆಟ್ಟಿಂಗನ್ನು ಪಿಸಿಎಂಗೆ (ಸಾದಾ ಎರಡು ಕಡೆಯ ಡಿಜಿಟಲ್ ಧ್ವನಿಗೆ) ಇಡಿ.

ಮೊದಲ ಬಾರಿ ಆನ್ ಮಾಡುವಾಗ

ಹಳೆಯದು ಅಮೆರಿಕ ಅಥವಾ ಜಪಾನಿನ ವೋಲ್ಟೇಜಿನದಾಗಿದ್ದರೆ ಅದರ ಬಳಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. 230 ವೋಲ್ಟಿನ ಹೊಸ ಆಂಪ್ಲಿಫೈಯರನ್ನು ಅಭ್ಯಾಸಬಲದಿಂದ ಅದಕ್ಕೇ ಚುಚ್ಚಬೇಡಿ. ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಸ್ಪೀಕರ್ ಹಚ್ಚದೆ ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ತಿರುಗಿಸಿ ಎಡದ ಪ್ಲಸ್ಸು-ಮೈನಸ್ಸಿನ ನಡುವೆ, ನಂತರ ಬಲದಲ್ಲಿ ಅಳೆಯಿರಿ. 50ರೊಳಗಿದ್ದರೆ ಸರಿ, 100 ದಾಟಿದರೆ ಸ್ಪೀಕರ್ ಹಚ್ಚದೆ ಅಂಗಡಿಗೆ ಮರಳಿಸಿ. ಬಳಿಕ ಆಫ್ ಮಾಡಿ, ಸ್ಪೀಕರ್ ಜೋಡಿಸಿ, ಸಣ್ಣ ಸದ್ದಿನಲ್ಲಿ ಅರ್ಧ ಗಂಟೆ ನುಡಿಸಿ, ಮೇಲ್ಮೈಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಅಂಗೈ ಇಡಲಾಗದಷ್ಟು ಸುಡುತ್ತಿದ್ದರೆ ಆಫ್ ಮಾಡಿ ಓಮ್ ಲೆಕ್ಕಕ್ಕೆ ಹಿಂದಿರುಗಿ. ಎಬಿ ವರ್ಗದ್ದರ ನೆತ್ತಿಯ ಮೇಲೆ ಹತ್ತು ಸೆಂಟಿಮೀಟರ್ ಜಾಗ ಖಾಲಿ ಬಿಡಿ. ರೇಡಿಯೊಕ್ಕೆಂದು ಉಳಿಸಿಕೊಂಡ ಹಳೆಯ ರಿಸೀವರ್ ಪಕ್ಕದಲ್ಲಿರಲಿ, ಮೇಲೆ ಬೇಡ.