ಡೆವಿಲ್ಸ್ ಲೇಕ್ ದಂಡೆಯಲ್ಲಿ ಬಿಡಾರ: ನನ್ನ ಅನುಭವ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬ್ಯಾರಬೂ ಪಟ್ಟಣದ ಪಕ್ಕದಲ್ಲಿರುವ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕಿಗೆ ಷಿಕಾಗೋ ಕಡೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಹೀಗಾಗಿ ನಮ್ಮ ಪರಿಚಯದ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವರು ಬೆಳಿಗ್ಗೆ ಹೊರಟು, ನಡುಹಗಲಿಗೆ ತಲುಪಿ, ಸಂಜೆಗೆ ಮನೆ ಸೇರುತ್ತಾರೆ. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಹಾಗೆ ಹೋದವರಿಗೆ ವಾಹನ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ದಂಡೆಯ ತುಂಬ ಜನ. ರಾತ್ರಿ ಅಲ್ಲೇ ತಂಗಿದವರಿಗೆ ಮಾತ್ರ ಸೂರ್ಯೋದಯದಿಂದ ಸುಮಾರು ಹತ್ತು ಗಂಟೆಯವರೆಗೆ ಸರೋವರ ನೆಮ್ಮದಿಯಾಗಿ ಸಿಗುತ್ತದೆ. ನಾನು ಬಿಡಾರದ ಏರ್ಪಾಡನ್ನೆಲ್ಲ ಈ ಬೆಳಗಿನ ಹೊತ್ತಿಗಾಗಿಯೇ ಮಾಡುತ್ತೇನೆ.

ಮೊದಲ ಕೆಲಸ ಜಾಗ ಕಾಯ್ದಿರಿಸುವುದು. ರಾಜ್ಯದ ಉದ್ಯಾನಗಳಲ್ಲಿ ಹನ್ನೊಂದು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ, ಬೇಸಿಗೆಯ ವಾರಾಂತ್ಯಗಳು ಬೇಗನೆ ಮುಗಿದುಹೋಗುತ್ತವೆ. ಇಲ್ಲಿ ಮೂರು ಕ್ಯಾಂಪ್‌ಗ್ರೌಂಡ್‌ಗಳಿವೆ. ಕ್ವಾರ್ಟ್‌ಜೈಟ್ ಎಂಬುದು ಬಯಲು, ನೆರಳು ಕಡಿಮೆ. ನಾರ್ದರ್ನ್ ಲೈಟ್ಸ್‌ನಲ್ಲಿ ಮರಗಳು ಹೆಚ್ಚು. ಐಸ್ ಏಜ್ ಎಂಬುದು ನೀರಿನಿಂದ ಕೊಂಚ ದೂರ. ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ನಾರ್ದರ್ನ್ ಲೈಟ್ಸ್ ಆರಿಸಿಕೊಂಡೆ. ವಯಸ್ಸಾದವರಿಗೆ ಮಧ್ಯಾಹ್ನದ ನೆರಳೂ ಶೌಚಾಲಯಕ್ಕೆ ಹತ್ತಿರದ ಜಾಗವೂ ಬೇಕು. ಆದ್ದರಿಂದ ನಕ್ಷೆಯಲ್ಲಿ ಇವೆರಡನ್ನೂ ನೋಡಿಕೊಂಡೇ ಹಣ ಕಟ್ಟಬೇಕು. ಬಿಡಾರದ ಬಾಡಿಗೆಯಲ್ಲದೆ ವಾಹನಕ್ಕೆ ಪ್ರವೇಶದ ಸ್ಟಿಕ್ಕರನ್ನು ಬೇರೆಯಾಗಿ ಕೊಳ್ಳಬೇಕೆಂಬುದನ್ನೂ, ಹೊರರಾಜ್ಯದ ನಂಬರ್ ಪ್ಲೇಟ್ ಇದ್ದರೆ ಅದರ ದರ ಹೆಚ್ಚೆಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ಸೌದೆಯನ್ನು ಮನೆಯಿಂದ ಒಯ್ಯುವಂತಿಲ್ಲ. ಉದ್ಯಾನದಿಂದ ಹತ್ತು ಮೈಲಿಯ ಒಳಗೆ ಕಡಿದ ಸೌದೆಯನ್ನು, ಇಲ್ಲವೇ ಪ್ರಮಾಣೀಕರಿಸಿದ ಕಟ್ಟನ್ನು ಮಾತ್ರ ಒಳಗೆ ಬಿಡುತ್ತಾರೆ. ಆ್ಯಷ್ ಮರಗಳನ್ನು ಒಳಗಿನಿಂದ ಕೊರೆದು ಸಾಯಿಸುವ ಹಸಿರು ಬಣ್ಣದ ಜೀರುಂಡೆ ಸೌದೆಯ ತೊಗಟೆಯಡಿಯಲ್ಲಿ ಕುಳಿತೇ ಊರಿಂದೂರಿಗೆ ಹಬ್ಬಿದೆ. ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ, ಏಕೆಂದರೆ ನಾವು ಹುಡುಕಿಕೊಂಡು ಹೋಗುವ ನೆರಳು ಆ ಮರಗಳದ್ದೇ.

ಅಡುಗೆಯನ್ನು ಎಷ್ಟು ಸರಳವಾಗಿಟ್ಟರೆ ಬೆಳಗಿನ ಹೊತ್ತು ಅಷ್ಟು ಉಳಿಯುತ್ತದೆ. ಅಮ್ಮ ಮನೆಯಲ್ಲಿಯೇ ರವೆ ಹುರಿದು, ಒಗ್ಗರಣೆಯನ್ನೂ ಅದರಲ್ಲೇ ಬೆರೆಸಿ ಡಬ್ಬಿಗೆ ತುಂಬಿದ್ದರು. ಎರಡು ಉರಿಯ ಸಣ್ಣ ಗ್ಯಾಸ್ ಒಲೆಯ ಮೇಲೆ ನೀರು ಕುದಿಸಿ ಸುರಿದರೆ ಉಪ್ಪಿಟ್ಟು ಸಿದ್ಧ. ರಾತ್ರಿಗೆ ಅನ್ನ ಮಾಡಿ ಪುಳಿಯೋಗರೆ ಗೊಜ್ಜು ಕಲಸಿದರೆ ಸಾಕು. ಊಟವಾದ ಮೇಲೆ ತಿಂಡಿಯ ಡಬ್ಬಿ, ಐಸ್ ಪೆಟ್ಟಿಗೆ, ಎಣ್ಣೆಯ ಸೀಸೆ, ಕಸದ ಚೀಲ ಎಲ್ಲವನ್ನೂ ಕಾರಿನೊಳಗೆ ಇಟ್ಟು ಬಾಗಿಲು ಹಾಕಬೇಕು. ಇಲ್ಲಿನ ಕಾಡುಪ್ರಾಣಿಗಳಾದ ರಕೂನ್‌ಗಳು ಮುಂಗಾಲಿನ ಬೆರಳುಗಳಿಂದ ಐಸ್ ಪೆಟ್ಟಿಗೆಯ ಕೊಕ್ಕೆಯನ್ನು ತಡವಿ, ಎತ್ತಿ, ಮುಚ್ಚಳ ತೆರೆಯುವುದನ್ನು ಪಕ್ಕದ ಬಿಡಾರದಲ್ಲಿ ನಾನೇ ಟಾರ್ಚಿನ ಬೆಳಕಿನಲ್ಲಿ ಕಂಡಿದ್ದೇನೆ. ಡೇರೆಯೊಳಗೆ ಒಂದು ಬಿಸ್ಕತ್ತನ್ನೂ ಇಡಬಾರದು.

ಇನ್ನು ಬೆಳಗಿನ ನಡಿಗೆ. ಸುಮಾರು 360 ಎಕರೆಯ ಈ ಸರೋವರವನ್ನು ಸುಮಾರು 500 ಅಡಿ ಎತ್ತರದ ಕಡಿದಾದ ಬಂಡೆಗುಡ್ಡಗಳು ಮೂರು ಕಡೆ ಸುತ್ತುವರಿದಿವೆ. ಗಟ್ಟಿ ಕಾಲಿನವರು ದಕ್ಷಿಣ ದಂಡೆಯ ಕಡೆಯಿಂದ ಬ್ಯಾಲೆನ್ಸ್ಡ್ ರಾಕ್ ಹಾದಿಯ ಕಲ್ಲುಮೆಟ್ಟಿಲು ಹತ್ತಿ, ಪೂರ್ವದ ಗುಡ್ಡದ ಅಂಚಿನಲ್ಲೇ ಉತ್ತರಕ್ಕೆ ನಡೆದು ಇಳಿಯಬಹುದು. ಮೆಟ್ಟಿಲುಗಳನ್ನು ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟವಾದ್ದರಿಂದ ನಾನು ಯಾವಾಗಲೂ ಈ ದಿಕ್ಕಿನಲ್ಲೇ ಹೋಗುತ್ತೇನೆ. ಅಂಚಿನಲ್ಲಿ ಕಟಕಟೆಯಿಲ್ಲ, ಮಳೆ ಬಿದ್ದರೆ ಈ ಕಲ್ಲು ಬಹಳ ಜಾರುತ್ತದೆ; ಗುಡುಗಿನ ಸೂಚನೆಯಿದ್ದ ದಿನ ಮೇಲೆ ಹೋಗಲೇಬಾರದು. ಅಪ್ಪ ಅಮ್ಮನ ಜೊತೆ ಪಶ್ಚಿಮ ದಂಡೆಯ ಟಂಬಲ್ಡ್ ರಾಕ್ಸ್ ಹಾದಿ ಹಿಡಿದೆ. ಗುಡ್ಡದಿಂದ ಉರುಳಿಬಿದ್ದ ಬಂಡೆಗಳ ನಡುವೆ, ನೀರಿನ ಮಗ್ಗುಲಲ್ಲೇ ಸಾಗುವ ಸುಮಾರು ಒಂದು ಮೈಲಿಯ ದಾರಿ ಅದು, ಏರಿಳಿತ ಕಡಿಮೆ.

ಅಲ್ಲಿ ಅಪ್ಪ ಒಂದು ಬಂಡೆಯ ಮೇಲೆ ಕೈಯಾಡಿಸುತ್ತ ನಿಂತುಬಿಟ್ಟರು. ಕಂದುಗೆಂಪು ಬಣ್ಣದ ಆ ಕಲ್ಲಿನ ಮೇಲೆ ಬೆರಳಗಲದ ಅಲೆಗಳು ಒಂದರ ಪಕ್ಕ ಒಂದು ಮೂಡಿದ್ದವು. “ಇದು ನೀರು ಹರಿದ ಗುರುತು ಕಣೋ, ಮಳೆಗಾಲ ಮುಗಿದ ಮೇಲೆ ಹೇಮಾವತಿ ಮರಳಿನಲ್ಲಿ ನೋಡಿದ್ದೀನಿ” ಎಂದರು. ಅವರ ಊಹೆ ಸರಿಯಾಗಿತ್ತು. ಸುಮಾರು 160 ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿಯಲ್ಲಿ ಶೇಖರವಾದ ಮರಳು ಒತ್ತಡ, ಶಾಖಗಳಿಂದ ಗಟ್ಟಿಯಾಗಿ ಈ ಕ್ವಾರ್ಟ್‌ಜೈಟ್ ಶಿಲೆಯಾಗಿದೆ. ಕಬ್ಬಿಣದ ಅಂಶ ಅದಕ್ಕೆ ಕೆಂಪು ಕೊಟ್ಟಿದೆ. ಸರೋವರ ಮಾತ್ರ ಶಿಲೆಯ ಮುಂದೆ ತೀರ ಈಚಿನದು. ಕಳೆದ ಹಿಮಯುಗದಲ್ಲಿ ಹಿಮನದಿಯು ಈ ಕಣಿವೆಯ ಎರಡೂ ಬಾಯಿಗಳಲ್ಲಿ ಮಣ್ಣು ಕಲ್ಲುಗಳ ರಾಶಿಯನ್ನು ಬಿಟ್ಟು ಹಿಂದೆ ಸರಿದುದರಿಂದ ನಡುವೆ ನೀರು ನಿಂತಿತು. ಹೋ-ಚಂಕ್ ಮೂಲನಿವಾಸಿಗಳಿಗೆ ಇದು ಪವಿತ್ರ ಸರೋವರ. ದಂಡೆಯ ಬಳಿ ಪ್ರಾಣಿ, ಪಕ್ಷಿಗಳ ಆಕಾರದಲ್ಲಿ ಕಟ್ಟಿದ ಪ್ರಾಚೀನ ಮಣ್ಣಿನ ದಿಬ್ಬಗಳು ಇಂದಿಗೂ ಇವೆ. ನೋಡಲು ಹುಲ್ಲುಹಾಸಿನಂತಿದ್ದರೂ ಅವುಗಳ ಮೇಲೆ ಕಾಲಿಡಬಾರದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು.

ನಡಿಗೆ ಮುಗಿಸಿ, ದಂಡೆ ತುಂಬುವ ಮೊದಲೇ ನೀರಿಗಿಳಿಯುವುದು ನನ್ನ ಕ್ರಮ. ಇಲ್ಲಿ ಪೆಟ್ರೋಲ್ ಎಂಜಿನ್ನಿನ ದೋಣಿಗಳಿಗೆ ಅವಕಾಶವಿಲ್ಲದ ಕಾರಣ ನೀರು ಶಾಂತ, ಕಯಾಕ್ ಎಂಬ ಸಣ್ಣ ಹುಟ್ಟುದೋಣಿಗೂ ಈಜಿಗೂ ಅನುಕೂಲ. ಆದರೆ ಜೀವರಕ್ಷಕರು ಇರುವುದಿಲ್ಲ, ಮಕ್ಕಳ ಜೊತೆ ಒಬ್ಬ ದೊಡ್ಡವರು ನೀರಿನಲ್ಲೇ ಇರಬೇಕು. ದಂಡೆಯ ಹತ್ತಿರದ ಕಡಿಮೆ ಆಳದಲ್ಲಿ ಬಸವನಹುಳುಗಳಿಂದ ಬರುವ ಕಣ್ಣಿಗೆ ಕಾಣದ ಪರಾವಲಂಬಿಗಳು ಕೆಲವೊಮ್ಮೆ ಚರ್ಮಕ್ಕೆ ತುರಿಕೆ ತರುತ್ತವೆ; ಮೇಲೆ ಬಂದ ಕೂಡಲೇ ಒಣ ಟವೆಲಿನಿಂದ ಬಿಗಿಯಾಗಿ ಒರೆಸಿಕೊಂಡರೆ ಬಹುಮಟ್ಟಿಗೆ ತಪ್ಪುತ್ತದೆ. ಸಂಜೆ ಡೇರೆಗೆ ಮರಳಿದ ಮೇಲೆ ಎಲ್ಲರ ಮಂಡಿಯ ಹಿಂಭಾಗ, ಸೊಂಟ, ಕೂದಲ ಬುಡದಲ್ಲಿ ರಕ್ತ ಹೀರುವ ಉಣ್ಣಿಗಳು ಕಚ್ಚಿಕೊಂಡಿವೆಯೇ ಎಂದು ನೋಡಲೇಬೇಕು, ಏಕೆಂದರೆ ವಿಸ್ಕಾನ್ಸಿನ್‌ನಲ್ಲಿ ಅವು ಲೈಮ್ ಕಾಯಿಲೆ ಹರಡುತ್ತವೆ.

ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಸರೋವರದ ಪೂರ್ವ ದಂಡೆಯಲ್ಲೇ ರೈಲುಹಳಿ ಇರುವುದರಿಂದ ಗೂಡ್ಸ್ ಗಾಡಿಯ ಸದ್ದು ಕೇಳಿಸಬಹುದು. ನಿದ್ದೆ ತೆಳುವಾದವರು ಕಿವಿಗೆ ಹತ್ತಿ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಬೇಸಿಗೆಯಲ್ಲೂ ಬೆಳಗಿನ ಜಾವ ಚಳಿಯಿರುತ್ತದೆ. ನೆಲದ ತಂಪು ಬೆನ್ನಿಗೆ ಏರದಂತೆ ಡೇರೆಯೊಳಗೆ ಹಾಸಿಗೆಯ ಕೆಳಗೊಂದು ದಪ್ಪ ಜಮಖಾನ ಹಾಸುತ್ತೇನೆ, ಅಮ್ಮನಿಗೆ ಮಡಚುವ ಮಂಚವನ್ನೇ ಒಯ್ದಿದ್ದೆ. ಈಜು ಮುಖ್ಯವಲ್ಲ, ಎಲೆಗಳ ಬಣ್ಣ ನೋಡಬೇಕು ಎನ್ನುವವರಿಗೆ ಅಕ್ಟೋಬರ್ ತಿಂಗಳೇ ಸರಿ. ಅದಕ್ಕಾಗಿ ಹಿಂದಿನ ವರ್ಷದ ನವೆಂಬರಿನಲ್ಲೇ ಜಾಗ ಕಾಯ್ದಿರಿಸಬೇಕು, ಸೊನ್ನೆಗಿಂತ ಕೆಳಗಿನ ಚಳಿಗೆ ಹೊಂದುವ ಸ್ಲೀಪಿಂಗ್ ಬ್ಯಾಗ್ ತರಬೇಕು.