ಮೀಟರಿನಿಂದ ಎರಡನೇ ಮಹಡಿಯ ಡಿಬಿವರೆಗೆ ಮೇನ್ ಲೈನ್ ಎಳೆದ ಬಗೆ

30×40 ಅಡಿ ಸೈಟು, ಗೇಟಿನ ಪಕ್ಕ ಮೀಟರ್ ಬೋರ್ಡು, ಮಹಡಿಗೊಂದರಂತೆ ಮೂರು ಮನೆ, ಮೂರು ಆರ್‌ಆರ್ ನಂಬರು (ಕರೆಂಟ್ ಬಿಲ್ಲಿನ ಗ್ರಾಹಕ ನಂಬರು). ಬೆಂಗಳೂರಿನಲ್ಲಿ ನನ್ನ ಕೈಗೆ ಬರುವ ಕೆಲಸದಲ್ಲಿ ಹೆಚ್ಚಿನದು ಇದೇ ನಮೂನೆ. ಅಂಥ ಒಂದು ಕಟ್ಟಡದ ಎರಡನೇ ಮಹಡಿಗೆ ತ್ರೀ ಫೇಸ್ ಲೈನ್ ಎಳೆದ ಲೆಕ್ಕ ಇದು. ಮೀಟರು, ಅದರ ಸೀಲು, ಅದರ ಹಿಂದಿನ ಲೈನು ಕರೆಂಟ್ ಕೊಡುವ ಕಂಪನಿ ಬೆಸ್ಕಾಂಗೆ ಸೇರಿದ್ದು, ಮುಟ್ಟುವಂತಿಲ್ಲ. ಅಲ್ಲಿಂದ ಮುಂದಿನದು ಮನೆಯವರದ್ದು, ಆದರೂ ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಬೇಕು.

ಮೀಟರಿನಿಂದ ಡಿಬಿಗೆ, ಅಂದರೆ ಮನೆಯೊಳಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ, ದಾರಿ 18 ಮೀಟರು. ಎರಡೂ ತುದಿಗೆ ಸಡಿಲ ಬಿಟ್ಟು ಪ್ರತಿ ಬಣ್ಣಕ್ಕೂ 20 ಮೀಟರ್ ಕತ್ತರಿಸಿದೆ: ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ತಿಂಗಿಗೆ. ಐದೂ 10 ಸ್ಕ್ವೇರ್ ಎಂಎಂ ತಾಮ್ರ. ಒಂದೇ ಫೇಸಿನ ಮೇಲೆ 25 ಆಂಪಿಯರ್ ಬಿದ್ದರೂ ಇಷ್ಟು ದೂರಕ್ಕೆ ವೋಲ್ಟೇಜ್ ಇಳಿಯುವುದು 2 ವೋಲ್ಟಿಗೂ ಕಡಿಮೆ. ಅದೇ 4 ಸ್ಕ್ವೇರ್ ಹಾಕಿದ್ದರೆ ನಾಲ್ಕೂವರೆ ವೋಲ್ಟ್ ಹೋಗುತ್ತಿತ್ತು, ವೈರೂ ಕಾಯುತ್ತಿತ್ತು. ಮೀಟರಿನ ಪಕ್ಕದಲ್ಲೇ ನಾಲ್ಕು ಪೋಲಿನ, ಅಂದರೆ ಮೂರು ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೇ ಕಡಿಯುವ, 32 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಕೂರಿಸಿದೆ. ಮೇಲೆ ಏನೇ ರಿಪೇರಿ ಬಂದರೂ ಕೆಳಗೇ ಆಫ್ ಮಾಡಬಹುದು.

ಪೈಪು 32 ಎಂಎಂ, ಹೆವಿ ಗೇಜ್. 25ರಲ್ಲಿ ಐದು ವೈರು ಹೇಗೋ ತೂರುತ್ತವೆ, ಆದರೆ ಎಳೆಯುವಾಗ ಇನ್ಸುಲೇಷನ್ ಸಿಪ್ಪೆ ಏಳುತ್ತದೆ. ಚೂಪು ಮೂಲೆಯ ಎಲ್ಬೋ ಎಲ್ಲೂ ಬಳಸಲಿಲ್ಲ, ಅಗಲ ತಿರುವಿನ ಬೆಂಡ್ ಮಾತ್ರ. ಎರಡು ಬೆಂಡಿಗೊಂದು ಜಂಕ್ಷನ್ ಬಾಕ್ಸ್ ಕೊಟ್ಟರೆ ವೈರು ಸಲೀಸಾಗಿ ಬರುತ್ತದೆ, ಟಾಲ್ಕಂ ಪೌಡರ್ ಸವರಿದರೆ ಇನ್ನೂ ಸುಲಭ. ಬಾಕ್ಸ್ ಇರುವುದು ಎಳೆಯಲಿಕ್ಕೆ, ಜೋಡಿಸಲಿಕ್ಕಲ್ಲ. ಮೇನ್ ಲೈನಿನ ಮಧ್ಯೆ ಜಾಯಿಂಟ್ ಕೂಡದು. ಹೊರಗಿನ ಬಾಕ್ಸಿಗೆ ಪೈಪು ಕೆಳಗಿನಿಂದಲೇ ಬರಬೇಕು, ಮೇಲಿನಿಂದ ಇಳಿಸಿದರೆ ಮಳೆನೀರು ಪೈಪು ಹಿಡಿದು ನೇರ ಟರ್ಮಿನಲ್ ಮೇಲೆ ಇಳಿಯುತ್ತದೆ.

ಮೇನ್ ಲೈನ್ ಕೆಡುವುದು ಸಾಮಾನ್ಯವಾಗಿ ನಡುವಿನಲ್ಲಲ್ಲ, ತುದಿಗಳಲ್ಲಿ. ವೈರು ಟರ್ಮಿನಲ್‌ಗೆ ದಪ್ಪವಾಯಿತೆಂದು ನಾಲ್ಕು ಎಳೆ ಕತ್ತರಿಸಿ ತುರುಕುವವರಿದ್ದಾರೆ. ಉಳಿದ ಎಳೆಗಳೇ ಪೂರ್ತಿ ಕರೆಂಟು ಹೊತ್ತು ಕಾದು ಕಪ್ಪಾಗುತ್ತವೆ. ವೈರಿನ ತುದಿಗೆ ಪಿನ್ ಲಗ್ ಎಂಬ ಲೋಹದ ಟೋಪಿ ಹಾಕಿ, ಸರಿಯಾದ ಅಳತೆಯ ಅಚ್ಚಿನಲ್ಲಿ (ಡೈ) ಒತ್ತಿ ಕ್ರಿಂಪ್ ಮಾಡಿ, ಒಮ್ಮೆ ಜಗ್ಗಿ ನೋಡಿ ಸ್ಕ್ರೂ ಬಿಗಿದೆ. ಅಲ್ಯೂಮಿನಿಯಂ ಮತ್ತು ತಾಮ್ರ ಸೇರುವ ಕಡೆ ಎರಡೂ ಲೋಹ ಸೇರಿಸಿ ಮಾಡಿದ ಬೈಮೆಟಲ್ ಲಗ್ಗೇ ಬೇಕು, ಬರಿದೇ ಸುತ್ತಿದರೆ ತೇವಕ್ಕೆ ತಿಂದುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹುಷಾರು ಬೇಕಾದದ್ದು ಕಪ್ಪು ವೈರಿಗೆ. ಸಿಂಗಲ್ ಫೇಸಿನಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ ದೀಪ ಆರುತ್ತದೆ, ಅಷ್ಟೇ. ತ್ರೀ ಫೇಸಿನಲ್ಲಿ ಹಾಗಲ್ಲ. ಲೋಡು ಕಡಿಮೆಯಿರುವ ಫೇಸಿನ ವೋಲ್ಟೇಜು 230ರಿಂದ 400ರ ಹತ್ತಿರಕ್ಕೆ ಏರಿ ಟಿವಿ, ಫ್ರಿಜ್ಜು, ಬಲ್ಬು ಒಟ್ಟಿಗೇ ಸುಡಬಹುದು. ಹಾಗಾಗಿ ನ್ಯೂಟ್ರಲ್‌ನಲ್ಲಿ ಫ್ಯೂಸ್ ಹಾಕುವುದೇ ಇಲ್ಲ. ಲೋಡ್ ಓಡಿದ ಮೇಲೆ ಲೈನ್ ಆಫ್ ಮಾಡಿ ಎರಡೂ ತುದಿಯ ಸ್ಕ್ರೂ ಮತ್ತೊಮ್ಮೆ ಬಿಗಿಯುತ್ತೇನೆ.

ಡಿಬಿಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಾರದಿದ್ದರೆ ಲೈನ್ ಕಡಿಯುವ ಸ್ವಿಚ್ಚು ಅದು. ಬಾಡಿಗೆ ಮನೆಗಳಲ್ಲಿ ಇದು ಪದೇಪದೇ ಬೀಳುತ್ತಿದ್ದರೆ ನಾನು ಮೊದಲು ನೋಡುವುದು ಮೆಟ್ಟಿಲ ದೀಪ. ಮೇಲೂ ಕೆಳಗೂ ಒಂದೇ ದೀಪ ಹಚ್ಚುವ ಟೂ ವೇ ಸ್ವಿಚ್ಚಿಗೆ ವೈರು ಉಳಿಸಲು ಫೇಸು ಕೆಳಮನೆಯದು, ನ್ಯೂಟ್ರಲ್ ಮೇಲ್ಮನೆಯದು ಮಾಡಿರುತ್ತಾರೆ. 9 ವಾಟಿನ ಬಲ್ಬು ಎಳೆಯುವುದೇ ಸುಮಾರು 40 ಮಿಲಿಆಂಪಿಯರ್, ಹೋದದ್ದು ವಾಪಸ್ ಬಾರದೆ ಎರಡೂ ಮನೆಯ ಆರ್‌ಸಿಸಿಬಿ ಬೀಳುತ್ತವೆ. ಆ ದೀಪಕ್ಕೆ ಫೇಸು, ನ್ಯೂಟ್ರಲ್ ಎರಡೂ ಒಂದೇ ಮೀಟರಿನಿಂದ ಬರಬೇಕು.

ಕರೆಂಟು ಕೊಡುವ ಮೊದಲು ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್ ಹಿಡಿದೆ. 1 ಮೆಗಾಓಮಿಗಿಂತ ಕಡಿಮೆ ತೋರಿದರೆ ಎಲ್ಲೋ ವೈರು ಕೊಯ್ದಿದೆ ಅಥವಾ ಪೈಪಿನಲ್ಲಿ ನೀರಿದೆ. ಆಮೇಲೆ ಫೇಸ್ ಸೀಕ್ವೆನ್ಸ್, ಅಂದರೆ ಮೂರು ಫೇಸುಗಳ ಸರದಿ, ನೋಡಿದೆ. ಹಳದಿ, ನೀಲಿ ಅದಲುಬದಲಾದರೆ ದೀಪಕ್ಕೇನೂ ಆಗದು, ಆದರೆ ಆ ಲೈನಿನಲ್ಲಿ ತ್ರೀ ಫೇಸ್ ಬೋರ್‌ವೆಲ್ ಮೋಟರ್ ಇದ್ದರೆ ಉಲ್ಟಾ ತಿರುಗಿ ನೀರು ಸರಿಯಾಗಿ ಎತ್ತುವುದಿಲ್ಲ. ಅದನ್ನು ಯಾವುದಾದರೂ ಎರಡು ಫೇಸು ಬದಲಿಸಿ ಸರಿಮಾಡಬಹುದು.