ಹಳೆಯ ಡೀಸೆಲ್ ಪಿಕಪ್‌ನ ಮಿಸ್ಸಿಂಗ್: ನಾನು ಕಾರಣ ಹುಡುಕಿದ ಬಗೆ

ಮಲ್ಪೆಯಿಂದ ಮೀನು ತುಂಬಿಕೊಂಡು ಮಣಿಪಾಲ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವ ಹಳೆಯ ಪಿಕಪ್ ಒಂದು ಕಳೆದ ಮಳೆಗಾಲದ ನಂತರ ನನ್ನ ಗ್ಯಾರೇಜಿಗೆ ಬಂತು. ಏರಿನಲ್ಲಿ ಇದ್ದಕ್ಕಿದ್ದಂತೆ ಇಂಜಿನ್ ಮಿಸ್ ಹೊಡೆಯುವುದು, ಸ್ವಲ್ಪ ದೂರ ತಡವರಿಸಿದ ಮೇಲೆ ಏನೂ ಆಗದಂತೆ ಮತ್ತೆ ಎಳೆಯುವುದು, ಇದು ಅದರ ಕಾಯಿಲೆ. ಬೇರೆಡೆ ಫಿಲ್ಟರ್ ಬದಲಾಯಿಸಿದ್ದರು. ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಮತ್ತು ಅದಕ್ಕೆ ಒತ್ತಡದಲ್ಲಿ ಡೀಸೆಲ್ ಕೊಡುವ ಪಂಪು ಎರಡನ್ನೂ ಬಿಚ್ಚಿ ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿಪಡಿಸಲು, ಕಳಿಸಬೇಕೆಂದೂ ಹೇಳಿದ್ದರು. ಬಂದು ಹೋಗುವ ದೋಷಕ್ಕೆ ಅಷ್ಟು ಬೇಗ ಪಂಪಿಗೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಾಜಲ್ ಕೆಟ್ಟಿದ್ದರೆ ಅದು ಮಣಿಪಾಲದ ಏರಿನಲ್ಲಿ ಮಾತ್ರ ಕೆಟ್ಟು, ಇಳಿಜಾರಿನಲ್ಲಿ ಸರಿಯಾಗುವುದಿಲ್ಲ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಚಾಲಕನನ್ನು ಕೂರಿಸಿಕೊಂಡು ಯಾವಾಗ, ಎಲ್ಲಿ, ಎಷ್ಟು ಲೋಡಿನಲ್ಲಿ ಎಂದು ಕೇಳಿದೆ. "ಟ್ಯಾಂಕ್ ಅರ್ಧದಿಂದ ಕೆಳಗೆ ಬಂದ ಮೇಲೆಯೇ ಇದರ ಕಿರಿಕಿರಿ ಮಾರಾಯ್ರೆ, ಫುಲ್ ಇದ್ದರೆ ಗೊತ್ತೇ ಆಗುವುದಿಲ್ಲ" ಎಂದರು. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ ಎಂಬುದನ್ನೂ ಮಾತಿನ ನಡುವೆ ಹೇಳಿದರು. ಕಪ್ಪು ಹೊಗೆ ಇರಲಿಲ್ಲ. ಡೀಸೆಲ್ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಹೊಗೆ ಕಪ್ಪಾಗುತ್ತದೆ. ಇಲ್ಲಿ ಕಡಿಮೆಯಾಗುತ್ತಿದ್ದುದು ಡೀಸೆಲ್ಲೇ ಎಂಬುದಕ್ಕೆ ಅದು ಮೊದಲ ಸುಳಿವು.

ಆದರೂ ವಯರಿಂಗನ್ನು ಪಟ್ಟಿಯಿಂದ ತೆಗೆದುಹಾಕಬೇಕಿತ್ತು. ಈ ಇಂಜಿನ್‌ನ ಪಂಪಿನ ಮೇಲೆ ಒಂದು ಸ್ಟಾಪ್ ಸೊಲೆನಾಯ್ಡ್ ಇದೆ. ಅದಕ್ಕೆ ಕರೆಂಟ್ ಇರುವವರೆಗೆ ಮಾತ್ರ ಡೀಸೆಲ್ ಒಳಗೆ ಹೋಗುತ್ತದೆ, ಕನೆಕ್ಷನ್ ಸಡಿಲವಾದರೆ ಗುಂಡಿಯಲ್ಲಿ ಕುಲುಕಿದಾಗಲೆಲ್ಲ ಇಂಜಿನ್ ಕಟ್ ಆಗುತ್ತದೆ. ಅದರ ವಯರಿಗೆ ಒಂದು ಚಿಕ್ಕ ಬಲ್ಬು ಜೋಡಿಸಿ, ಡ್ಯಾಶ್‌ಬೋರ್ಡಿನ ಮೇಲೆ ಟೇಪ್ ಹಚ್ಚಿ ಕೂರಿಸಿ, ಲೋಡ್ ಸಮೇತ ಮಣಿಪಾಲದ ಏರು ಹತ್ತಿಸಿದೆ. ಇಂಜಿನ್ ತಡವರಿಸಿತು, ಬಲ್ಬು ಒಂದಿಷ್ಟೂ ಮಿನುಗಲಿಲ್ಲ. ವಯರಿಂಗ್ ಮೇಲಿನ ಸಂಶಯ ಅಲ್ಲಿಗೆ ಮುಗಿಯಿತು. ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿದಾಗಲೂ ವ್ಯತ್ಯಾಸ ಕಾಣದ್ದರಿಂದ ಟ್ಯಾಂಕಿನೊಳಗೆ ಗಾಳಿ ಬಿಡುವ ರಂಧ್ರ ಕಟ್ಟಿರುವ ಸಾಧ್ಯತೆಯೂ ಹೋಯಿತು. ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ನೋಡಿದರೆ ನೀರಿನ ಅಂಶವೂ ಇರಲಿಲ್ಲ.

ಉಳಿದದ್ದು ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಪಂಪು) ಪೈಪು. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಏಕೆಂದರೆ ಅಲ್ಲಿ ತೂತಾದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದು ಅಪರೂಪ. ಫೀಡ್ ಪಂಪು ಡೀಸೆಲನ್ನು ಎಳೆಯುವಾಗ ಆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಿರುವುದರಿಂದ, ಸೂಜಿಮೊನೆಯಷ್ಟು ರಂಧ್ರವಿದ್ದರೂ ಗಾಳಿಯೇ ಒಳಗೆ ಸೇರುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಇಳಿದಷ್ಟೂ ಅದನ್ನು ಮೇಲೆತ್ತಬೇಕಾದ ಎತ್ತರ ಹೆಚ್ಚುತ್ತದೆ. ಏರಿನಲ್ಲಿ ಗಾಡಿಯ ಮುಂಭಾಗ ಎದ್ದು ಇಂಜಿನ್ ಟ್ಯಾಂಕಿಗಿಂತ ಇನ್ನೂ ಮೇಲಾಗುತ್ತದೆ. ಲೋಡಿನಲ್ಲಿ ಡೀಸೆಲ್ಲಿನ ಬೇಡಿಕೆಯೂ ಜಾಸ್ತಿ. ಚಾಲಕ ಹೇಳಿದ ಮೂರು ಸಂದರ್ಭಗಳೂ ಎಳೆತವನ್ನು ಹೆಚ್ಚಿಸುವಂಥವೇ. ರಾತ್ರಿ ನಿಂತಾಗ ಅದೇ ರಂಧ್ರದಿಂದ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ಮರಳುವುದರಿಂದ ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತಿತ್ತು. ಮರುದಿನ ಬೆಳಿಗ್ಗೆ ಕೈಯಿಂದ ಡೀಸೆಲ್ ತುಂಬಿಸುವ ಹ್ಯಾಂಡ್ ಪಂಪ್ ಒತ್ತಿದಾಗ ಅದು ಬೆರಳಿಗೆ ಮೆತ್ತಗೆ ಹತ್ತಿತು, ಗಟ್ಟಿಯಾಗಲು ಬಹಳ ಹೊತ್ತು ಹಿಡಿಯಿತು; ಒಳಗೆ ಗಾಳಿ ಸೇರಿದೆ ಎಂಬುದರ ಗುರುತು ಅದು.

ಗಾಳಿಯನ್ನು ಕಣ್ಣಿಂದಲೇ ನೋಡಬಹುದು. ಫೀಡ್ ಪಂಪಿಗೆ ಸೇರುವ ತುದಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪನ್ನು ಕ್ಲಿಪ್ ಹಾಕಿ ಕೂರಿಸಿ, ಗಾಡಿಯ ಮುಂದಿನ ಚಕ್ರಗಳನ್ನು ರ‍್ಯಾಂಪಿಗೆ ಹತ್ತಿಸಿ, ಬ್ರೇಕ್ ಹಾಕಿ ರೇಸ್ ಕೊಟ್ಟೆ. ಸ್ಟಾರ್ಟ್ ಆದ ಕೂಡಲೇ ಒಂದೆರಡು ಗುಳ್ಳೆ ಹಾದುಹೋಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಇಲ್ಲಿ ಮಾತ್ರ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರುತ್ತಲೇ ಇದ್ದವು, ನಡುನಡುವೆ ಅವು ಕೂಡಿಕೊಂಡು ಬೆರಳಗಲದ ಖಾಲಿ ಜಾಗವಾದಾಗ ಇಂಜಿನ್ ನಡುಗಿತು. ಟ್ಯಾಂಕಿನ ಒಳಗಿನ ಎಳೆಪೈಪು ಸೀಳಿದ್ದರೂ ಅರ್ಧ ಟ್ಯಾಂಕಿನ ಕೆಳಗೆ ಇದೇ ಲಕ್ಷಣ ಕಾಣುವುದರಿಂದ, ಅದೇ ಪಾರದರ್ಶಕ ಪೈಪನ್ನು ಟ್ಯಾಂಕಿನ ಬಾಯಿಯ ಬಳಿಗೆ ಬದಲಾಯಿಸಿದೆ. ಅಲ್ಲಿ ಡೀಸೆಲ್ ಸ್ವಚ್ಛವಾಗಿ ಹರಿಯುತ್ತಿತ್ತು. ಅಂದರೆ ಗಾಳಿ ಸೇರುತ್ತಿದ್ದುದು ನಡುವಿನ ಕಬ್ಬಿಣದ ಪೈಪಿನಲ್ಲಿ.

ಗಾಡಿಯ ಅಡಿಗೆ ಮಲಗಿ ಚಾಸಿಗೆ ಪೈಪು ಬಿಗಿದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿದೆ. ಮೀನಿನ ಕ್ರೇಟುಗಳಿಂದ ಇಳಿಯುವ ಐಸಿನ ಉಪ್ಪುನೀರು ಬಾಡಿಯ ಸಂದುಗಳಿಂದ ಚಾಸಿಯ ಮೇಲೆ ಬಿದ್ದು ಕ್ಲಿಪ್ಪಿನೊಳಗೆ ನಿಲ್ಲುತ್ತದೆ, ಒಣಗಲು ದಾರಿಯಿಲ್ಲ. ಹಿಂದಿನ ಚಕ್ರದ ಹತ್ತಿರದ ಕ್ಲಿಪ್ ತೆಗೆದಾಗ ತುಕ್ಕು ಹಕ್ಕಳೆಯಾಗಿ ಉದುರಿತು. ಅದರಡಿಯಲ್ಲಿ ಒರೆಸಿದರೂ ಮತ್ತೆ ಒದ್ದೆಯಾಗುವ ಒಂದು ಚುಕ್ಕೆ ಕಂಡಿತು.

ಆ ತುಂಡನ್ನು ಮಾತ್ರ ಕತ್ತರಿಸಿ ರಬ್ಬರ್ ಪೈಪು ತುರುಕುವವರಿದ್ದಾರೆ. ನೀರಿನ ರಬ್ಬರ್ ಪೈಪು ಡೀಸೆಲ್ಲಿಗೆ ಉಬ್ಬಿ ಮೆತ್ತಗಾಗುವುದರಿಂದ ಅದೇ ತೊಂದರೆ ಮತ್ತೆ ಬರುತ್ತದೆ. ನಾನು ಪೂರ್ತಿ ಹೊಸ ಪೈಪು ಎಳೆದು, ಕ್ಲಿಪ್ಪುಗಳ ಒಳಗೆ ರಬ್ಬರ್ ಹಾಕಿ, ಜಾಯಿಂಟಿನ ತಾಮ್ರದ ವಾಷರುಗಳನ್ನೂ ಬದಲಾಯಿಸಿದೆ. ಬಳಿಕ ಗಾಳಿ ಹೊರಬಿಡಲು ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರಿಯ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಪಾರದರ್ಶಕ ಪೈಪು ಕಳಚಿದೆ. ಅದು ಬಿಸಿಗೆ ಗಟ್ಟಿಯಾಗಿ ಬಿರಿಯುವುದರಿಂದ ಗಾಡಿಯಲ್ಲಿ ಬಿಡುವಂಥದ್ದಲ್ಲ. ಕಾಲು ಟ್ಯಾಂಕ್ ಡೀಸೆಲ್ಲಿನಲ್ಲಿ, ಲೋಡ್ ಹಾಕಿಕೊಂಡೇ ಸೋಮೇಶ್ವರದಿಂದ ಆಗುಂಬೆಯವರೆಗೆ ಹತ್ತಿಸಿದೆವು. ಯಾವ ತಿರುವಿನಲ್ಲೂ ಇಂಜಿನ್ ತಡವರಿಸಲಿಲ್ಲ. ನಾಜಲ್‌ಗಳನ್ನು ಬಿಚ್ಚಲೇ ಇಲ್ಲ. ಮೀನು ಇಳಿಸಿದ ದಿನವೇ ಚಾಸಿಯ ಒಳಬದಿಗೆ ಸಿಹಿನೀರು ಹೊಡೆದು ತೊಳೆಯಬೇಕೆಂದು ಚಾಲಕರಿಗೆ ಹೇಳಿ ಗಾಡಿ ಬಿಟ್ಟೆ.